ಹೆದರಿಕೊಂಡೇ ಕಲಿಸಿದ ದೇಶಗಳು

ಹೆದರುವವರ ಮೇಲೆ ಹಾವು ಎಸೆದರಂತೆ. ನನ್ನ ಮೇಲೆ ಪ್ರತಿ ಬೇಸಿಗೆ ರಜೆಯಲ್ಲೂ ಎಸೆಯುತ್ತಾರೆ. ಆರು, ಏಳನೇ ಕ್ಲಾಸಿನ ಮಕ್ಕಳಿಗೆ ಸಮ್ಮರ್ ಕ್ಯಾಂಪುಗಳಲ್ಲಿ ಹೊರದೇಶದ ಭಾಷೆ, ಅಲ್ಲಿನ ರೀತಿ ರಿವಾಜು ಕಲಿಸುವುದು ನನ್ನ ಕೆಲಸ. ನಾನು ಇವನ್ನೆಲ್ಲ ಕಲಿತದ್ದು ಅಡುಗೆಮನೆಯಲ್ಲಿ, ಮೊಬೈಲ್ ನೋಡಿಕೊಂಡು, ಕುಕ್ಕರ್ ಕೂಗುವುದರ ಮಧ್ಯೆ. ಆ ದೇಶಗಳವರಲ್ಲಿ ಒಬ್ಬರನ್ನೂ ಕಣ್ಣಾರೆ ಕಂಡವಳಲ್ಲ. ಯಾವತ್ತಾದರೂ ಒಬ್ಬರು ಎದುರು ಬಂದು ಮಾತಾಡಿಸಿದರೆ ಮಕ್ಕಳ ಮುಂದೆ ನನ್ನ ಬಣ್ಣ ಬಯಲಾಗುತ್ತದಲ್ಲ ಎಂಬ ಭಯ ಮೊದಲ ದಿನದಿಂದಲೂ ಇತ್ತು.

೧. ಗುಬ್ಬಿ: ತಾತನ ಗಡ್ಡ

ಗುಬ್ಬಿಯ ಕ್ಯಾಂಪಿನಲ್ಲಿ ಫ್ರೆಂಚ್ ಶುರುಮಾಡಿದ್ದೆ. ಫ್ರಾನ್ಸಿನವರು ಪರಿಚಯದವರನ್ನು ಕಂಡರೆ ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಆಮೇಲೆ "ನೀವ್ಯಾರೂ ಮಾಡ್ಬೇಡಿ, ಸುಮ್ನೆ ತಿಳ್ಕೊಂಡಿರಿ" ಎಂದು ಸಾರಿ ಸಾರಿ ಹೇಳಿ ಕಳಿಸಿದೆ.

ಮರುದಿನ ಗೇಟಿನಲ್ಲಿ ಒಬ್ಬ ತಾತ. ಕೈಯಲ್ಲಿ ಕೋಲು. ಹಾಗಲವಾಡಿಯಿಂದ ಬೆಳಗಿನ ಬಸ್ಸಿಗೇ ಬಂದಿದ್ದರು.

"ಯಾರವ್ವಾ ಇಲ್ಲಿ ಫ್ರಾನ್ಸ್ ಮಿಸ್ಸು?"

ನನ್ನ ಕಣ್ಣು ಅವರ ಮುಖಕ್ಕಿಂತ ಕೋಲಿನ ಮೇಲೇ ಇತ್ತು. "ನಾನೇ ತಾತ."

"ನನ್ ಮೊಮ್ಮಗ ನಿನ್ನೆ ಬಂದವ್ನೇ ಕೆನ್ನೆಗೆ ಕೆನ್ನೆ ತಾಗಿಸ್ದ."

"ಮಾಡ್ಬೇಡಿ ಅಂತ ಹೇಳಿದ್ದೆ ತಾತ, ದೇವ್ರಾಣೆಗೂ ಹೇಳಿದ್ದೆ!"

"ಮಾಡ್ಲಿ ಬುಡು, ಮಗ ತಾನೆ. ಆಮೇಕೆ 'ತಾತ, ನಿನ್ ಗಡ್ಡ ಚುಚ್ತದೆ' ಅಂತ ಮಕ ತಿರುಗಿಸ್ಕೊಂಡ. ನಾನು ವಾರಕ್ಕೊಂದ್ಸಲ ಗಡ್ಡ ಮಾಡಿಸ್ಕೊಳೋನು. ದಿನಾ ಎಲ್ಲಿ ಹೋಗ್ಲಿ? ದೂರದಲ್ಲೇ ನಿಂತ್ಕಂಡು ಕೈ ಮುಗಿಯೋ ದೇಶ ಯಾವ್ದಾದ್ರೂ ಇದ್ರೆ ಅದ್ನ ಕಲ್ಸವ್ವ."

ಅವತ್ತು ಮಧ್ಯಾಹ್ನವೇ ಇಡೀ ಕ್ಯಾಂಪನ್ನು ದೂರದಿಂದಲೇ ಬಗ್ಗಿ ವಂದಿಸುವ ಜಪಾನಿಗೆ ಸಾಗಿಸಿದೆ.

೨. ಕುಣಿಗಲ್: ಸದ್ದಿಲ್ಲದ ಬಸ್ಸು

ಜಪಾನಿನವರು ಬಸ್ಸು, ರೈಲಿನಲ್ಲಿ ಗಟ್ಟಿಯಾಗಿ ಮಾತಾಡುವುದಿಲ್ಲ ಎಂದು ಕುಣಿಗಲ್ಲಿನ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಹುತ್ರಿದುರ್ಗದ ಬೆಟ್ಟಕ್ಕೆ ಪಿಕ್ನಿಕ್ ಹೊರಟಾಗ ಅದನ್ನೇ ಪಾಲಿಸಬೇಕು ಎಂದು ಅವರೇ ತೀರ್ಮಾನಿಸಿದರು. ಬಸ್ಸು ಹತ್ತಿದ ಕೂಡಲೇ ಎಲ್ಲರೂ ಗಪ್‌ಚುಪ್.

ಪಿಕ್ನಿಕ್ ಮಕ್ಕಳು ಹೀಗೆ ಕೂತದ್ದನ್ನು ಕಂಡಕ್ಟರ್ ಜನ್ಮದಲ್ಲೇ ನೋಡಿರಲಿಲ್ಲ. ಮೆಲ್ಲಗೆ ನನ್ನ ಹತ್ತಿರ ಬಗ್ಗಿ, "ಏನ್ ಮೇಡಂ, ಯಾರಾದ್ರೂ ಹೋಗ್ಬಿಟ್ರಾ?" ಎಂದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರಿಗೆ ನಂಬಿಕೆ ಬರಲಿಲ್ಲ. ಪಾಪ, ವಿಷಲ್ ಜೇಬಿಗೆ ಹಾಕಿಕೊಂಡು ತಾವೂ ಮುಖ ಸಣ್ಣದು ಮಾಡಿ ಕೂತರು.

ನಾವು ಇಳಿಯುವ ಕ್ರಾಸ್ ಬಂತು. ಕೂಗಬೇಕು. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದಾರೆ. ಕೂಗಿದರೆ ಪಾಠ ಮಾಡಿದವಳೇ ಪಾಠ ಮುರಿದಂತೆ. ಕೂಗದಿದ್ದರೆ ಬಸ್ಸು ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುತ್ತದೋ ಗೊತ್ತಿಲ್ಲ. ನಾನು ಎರಡಕ್ಕೂ ಹೆದರಿ ಕೂತಿದ್ದಾಗಲೇ ಕ್ರಾಸ್ ಹಿಂದೆ ಹೋಯಿತು. ಕೊನೆಗೆ ಪಿಸುಗುಟ್ಟಿದೆ: "ಸಾರ್... ಸ್ಟಾಪು..."

ಮಕ್ಕಳೆಲ್ಲ ಬಿಸಿಲಲ್ಲಿ ಹಿಂದಕ್ಕೆ ನಡೆಯಬೇಕಾಯಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಮೇಡಂ, ವಾಪಸ್ ಬರೋವಾಗ ಇಂಡಿಯಾದೋರ್ ಥರಾನೇ ಬನ್ನಿ" ಎಂದರು.

೩. ತುಮಕೂರು: ಖಾಲಿ ಎಲೆ

ತುಮಕೂರಿನ ಕ್ಯಾಂಪಿನಲ್ಲಿ ಹಾವು ನಿಜವಾಗಿಯೂ ಬಂತು. ಕ್ಯಾಂಪ್ ನಡೆಸುವ ಸಾರ್ ಕುಣಿದಾಡುತ್ತಾ, "ಮಿಸ್, ಕೊನೇ ದಿನಕ್ಕೆ ವಸಂತನರಸಾಪುರದ ಫ್ಯಾಕ್ಟರಿಯಿಂದ ಜಪಾನಿನ ಇಂಜಿನಿಯರ್ ಒಬ್ರನ್ನ ಕರೆಸ್ತಿದೀನಿ. ನೀವೇ ಮಾತಾಡ್ಸಿ, ಮಕ್ಕಳಿಗೆ ಕನ್ನಡದಲ್ಲಿ ಹೇಳ್ಬಿಡಿ" ಎಂದರು.

ಜ್ವರ ಬರಲಿ ಎಂದು ದೇವರಿಗೆ ಹರಕೆ ಹೊತ್ತೆ. ಬರಲಿಲ್ಲ. ಇಂಜಿನಿಯರ್ ಬಂದರು.

ಮಕ್ಕಳು ಬಗ್ಗಿ ವಂದಿಸಿದರು, ಅವರೂ ಬಗ್ಗಿದರು. ಅಲ್ಲಿಯವರೆಗೆ ಬಚಾವ್. ಆಮೇಲೆ ಬಾಳೆಎಲೆ ಊಟ. ಬಡಿಸುವವರು ಮಕ್ಕಳೇ. ಜಪಾನಿನವರು ಬಡಿಸಿದ್ದನ್ನು ಒಂದಗುಳೂ ಬಿಡುವುದಿಲ್ಲ ಎಂದು ನಾನೇ ಕಲಿಸಿದ್ದೆ. ಆದರೆ ನೆಂಟರ ಎಲೆ ಖಾಲಿ ಕಂಡರೆ ಮನೆಯವರಿಗೆ ಮರ್ಯಾದೆಯಲ್ಲ ಎಂದು ಮಕ್ಕಳಿಗೆ ಅವರ ಅಜ್ಜಿಯರು ಕಲಿಸಿದ್ದರು. ಅಜ್ಜಿಯರೇ ಗೆದ್ದರು. ಇಂಜಿನಿಯರ್ ಒಬ್ಬಟ್ಟು ಮುಗಿಸಿದರು, ಮಕ್ಕಳು ಇನ್ನೊಂದು ಹಾಕಿದರು. ಅದನ್ನೂ ಮುಗಿಸಿದರು, ಮತ್ತೊಂದು ಬಿತ್ತು.

ಅವರು ನನ್ನ ಕಡೆ ತಿರುಗಿ ಜಪಾನಿಯಲ್ಲಿ ಏನೋ ಹೇಳಿದರು. ಕುಕ್ಕರ್ ಮಧ್ಯೆ ಕಲಿತ ಒಂದು ಪದವೂ ಅದರಲ್ಲಿರಲಿಲ್ಲ.

"ಮಿಸ್, ಏನಂದ್ರು?" ಎಂದಳು ಒಬ್ಬಟ್ಟಿನ ತಟ್ಟೆ ಹಿಡಿದಿದ್ದ ಹುಡುಗಿ.

"ಒಬ್ಬಟ್ಟು ಬಹಳ ಚೆನ್ನಾಗಿದೆ ಅಂದ್ರು."

ಇನ್ನೊಂದು ಬಿತ್ತು. ಅದೂ ಹೋಯಿತು. ಅವರು ಬೆವರು ಒರೆಸಿಕೊಳ್ಳುತ್ತಾ, ಸ್ವಲ್ಪ ಜೋರಾಗಿಯೇ ಮತ್ತೇನೋ ಹೇಳಿದರು.

"ಈಗೇನಂದ್ರು ಮಿಸ್?"

ಒಮ್ಮೆ ಹೇಳಿದ್ದನ್ನು ಬದಲಿಸುವುದು ಹೇಗೆ? "ತುಪ್ಪ ಹಾಕಿದ್ರೆ ಇನ್ನೂ ಚೆನ್ನಾಗಿರುತ್ತಂತೆ."

ತುಪ್ಪದ ಜೊತೆ ಒಬ್ಬಟ್ಟು ಎಲೆಯ ಹತ್ತಿರ ಬಂತು. ಆ ಮನುಷ್ಯ ಅಪ್ಪಟ ನಮ್ಮೂರಿನವರ ಹಾಗೆ ಎಲೆಗೆ ಎರಡೂ ಕೈ ಅಡ್ಡ ಹಿಡಿದು ಬಗ್ಗಿಬಿಟ್ಟರು.

"ಸಾಕು ಬುಡ್ರವ್ವಾ! ಆಗ್ಲಿಂದ ಸಾಕು ಸಾಕು ಅಂತಾನೇ ಬಡ್ಕತಾ ಇವ್ನಿ! ಹೊಟ್ಟೆ ಒಡೆದೋಯ್ತದೆ!"

ಫ್ಯಾಕ್ಟರಿಯ ಹುಡುಗರ ಜೊತೆ ಇದ್ದೂ ಇದ್ದೂ ಕಲಿತ ಕನ್ನಡ ಅದು. "ಕನ್ನಡ ಮಾತಾಡ್ಬೇಡಿ, ಮಿಸ್‌ಗೆ ಜಪಾನಿ ಎಷ್ಟು ಬರುತ್ತೆ ಅಂತ ಮಕ್ಕಳಿಗೆ ಗೊತ್ತಾಗ್ಬೇಕು" ಎಂದು ಕ್ಯಾಂಪಿನ ಸಾರ್ ಮೊದಲೇ ಅವರ ಬಾಯಿ ಕಟ್ಟಿದ್ದರಂತೆ.

ನಾನು ನೆಲ ಬಾಯಿ ಬಿಡಲಿ ಎಂದು ಕಾಯುತ್ತಿದ್ದೆ. ಒಬ್ಬಟ್ಟಿನ ಹುಡುಗಿ ತಟ್ಟೆ ಕೆಳಗಿಟ್ಟು, ನನ್ನ ಕೈ ಹಿಡಿದು ಸಮಾಧಾನ ಮಾಡಿದಳು:

"ಹೆದರ್ಕೋಬೇಡಿ ಮಿಸ್. ಇದನ್ನ ನೀವು ಹೇಳ್ಬೇಕಾಗಿಲ್ಲ, ನಮಗೇ ಅರ್ಥ ಆಯ್ತು."