ಪ್ರಳಯ ಮಾಡದೆ ಕೈಕೊಟ್ಟ ಯಂತ್ರಕ್ಕೆ

ಇವರಿಗೆ,
ಶ್ರೀಮನ್ಮಹಾ ಕಣಘರ್ಷಕ ಯಂತ್ರರಾಜರು,
ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯ ನೆಲದಡಿ, ಬಹಳ ಆಳದಲ್ಲಿ.

ಮಾನ್ಯರೇ,

ಇಳಕಲ್ಲಿನ ಹೊರಗಿರುವ ಕೆಂಪು ಕಲ್ಲಿನ ಖಣಿಯೊಂದರಲ್ಲಿ ಆಳುಗಳ ಮೇಲಿನ ಮುಕಾದಮನಾದ ಈರಪ್ಪನು ತಮಗೆ ಮಾಡುವ ಶರಣು ಶರಣಾರ್ಥಿಗಳು. ಬಹುಕಾಲದ ರಿಪೇರಿಯ ನಂತರ ತಾವು ಮತ್ತೆ ಚಾಲೂ ಆಗಿ, ಯಾವ ತೊಂದರೆಯೂ ಇಲ್ಲದೆ ಕೆಲಸದಲ್ಲಿ ತೊಡಗಿರುವಿರೆಂದು ಪತ್ರಿಕೆಯಲ್ಲಿ ಓದಿ ತಿಳಿಯಿತು. ಇಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದೇವೆ. ನನ್ನ ತಕರಾರು ಇರುವುದು ಈ ಕ್ಷೇಮದ ಬಗ್ಗೆಯೇ.

ತಕರಾರಿಗೆ ಬರುವ ಮುನ್ನ ಕಲ್ಲಿನ ಕೆಲಸದವನಾಗಿ ತಮ್ಮನ್ನು ಒಂದಿಷ್ಟು ಹೊಗಳಲು ಅನುಮತಿ ಬೇಡುತ್ತೇನೆ. ಇಳಕಲ್ಲಿನಿಂದ ಹುನಗುಂದಕ್ಕೆ ಹೋಗಿ ತಿರುಗಿ ಬರುವಷ್ಟು ಉದ್ದದ ಸುರಂಗವನ್ನು ನೆಲದೊಳಗೆ ದುಂಡಗೆ ಕೊರೆದು, ಅದರಲ್ಲಿ ಕಣ್ಣಿಗೆ ಕಾಣದ ಕಣಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುತ್ತಾರೆಂದರೆ ಅದು ಸಾಮಾನ್ಯರ ಕೆಲಸವಲ್ಲ. ನಮ್ಮಲ್ಲಿ ಡಿಕ್ಕಿ ಹೊಡೆಸಲು ಇಷ್ಟೆಲ್ಲ ಖರ್ಚಿಲ್ಲ, ಬಸ್ ಸ್ಟ್ಯಾಂಡಿನ ಎದುರಿನ ರಸ್ತೆಯೊಂದೇ ಸಾಕು. ಅದಿರಲಿ, ಅಷ್ಟು ಉದ್ದ ಕೊರೆದಾಗ ಹೊರಬಿದ್ದ ಕಲ್ಲನ್ನು ಏನು ಮಾಡಿದಿರಿ, ಅದು ಪಾಲಿಶ್ ಹಿಡಿಯುವ ಕಲ್ಲೋ ಬರೀ ಜಲ್ಲಿಗೆ ಯೋಗ್ಯವಾದದ್ದೋ ಎಂಬುದನ್ನು ಮಾತ್ರ ಯಾವ ಚಾನೆಲ್ಲಿನವರೂ ಹೇಳಲಿಲ್ಲ. ಪುರುಸೊತ್ತಾದಾಗ ತಿಳಿಸಬೇಕು.

ಚಾನೆಲ್ಲಿನವರು ಹೇಳಿದ್ದು ಬೇರೆ. ತಾವು ಚಾಲೂ ಆದೊಡನೆ ಭೂಮಿಯ ಹೊಟ್ಟೆಯಲ್ಲಿ ಒಂದು ಕಪ್ಪು ರಂಧ್ರ ಹುಟ್ಟುವುದೆಂದೂ, ಅದು ಮೊದಲು ಸ್ವಿಟ್ಜರ್ಲೆಂಡನ್ನು ನುಂಗಿ ಆಮೇಲೆ ಒಂದೊಂದೇ ದೇಶವನ್ನು ನುಂಗುತ್ತ ಬರುವುದೆಂದೂ ಒಂದು ವಾರ ಬಿಡದೆ ತೋರಿಸಿದರು. ತಾವು ಚಾಲೂ ಆಗುವುದು ಮಂಗಳವಾರವೆಂದು ವಿಜ್ಞಾನಿಗಳು ಹೇಳಿದರೆ, ಅದು ರಾಹುಕಾಲದಲ್ಲಿಯೇ ಎಂದು ಜ್ಯೋತಿಷಿಯೊಬ್ಬರು ಗುಣಿಸಿ ಹೇಳಿದರು. ಪರದೇಶದ ಯಂತ್ರವೂ ನಮ್ಮ ರಾಹುಕಾಲವನ್ನು ಪಾಲಿಸುತ್ತದೆಂದು ಕೇಳಿ ನನಗೆ ತಮ್ಮ ಮೇಲೆ ಗೌರವ ಹೆಚ್ಚಿತು. ಕೊನೆಯ ಊಟವೆಂದು ನಮ್ಮ ಓಣಿಯಲ್ಲಿ ಅಂದು ಮನೆಮನೆಗೂ ಹೋಳಿಗೆ. ಯಾವ ಕಾಲದಲ್ಲೋ ಒಯ್ದ ನಮ್ಮ ಏಣಿಯನ್ನು ನೆರೆಮನೆಯ ನವೀದ ಮಂಗಳವಾರ ಬೆಳಿಗ್ಗೆ ತಂದು ಗೋಡೆಗೆ ಆನಿಸಿ, ತಪ್ಪಾಯಿತೆಂದು ಕೈಮುಗಿದು ಹೋದ. ಬುಧವಾರ ಬೆಳಿಗ್ಗೆ ಬಂದು ಮತ್ತೆ ಒಯ್ದ.

ನವೀದನದು ಏಣಿಯ ವಿಷಯ, ವಾಪಸು ಒಯ್ಯಲು ಬಂತು. ನನ್ನದು ಮಾತಿನ ವಿಷಯ.

ನನ್ನ ಮಗಳು ನಾಗರತ್ನಾ ಇಳಕಲ್ಲಿನ ಸಾಲೆಯೊಂದರಲ್ಲಿ ಶಿಕ್ಷಕಿ. ಬಾದಾಮಿಯಲ್ಲಿ ಬಿ.ಎಡ್. ಮಾಡುವಾಗ ಜೊತೆಗೆ ಓದಿದ ಹುಡುಗನನ್ನೇ ಮದುವೆಯಾಗುತ್ತೇನೆಂದು ಅವಳು ಒಂದು ವರ್ಷದಿಂದ ಹೇಳುತ್ತಿದ್ದಳು, ನಾನು ಒಂದು ವರ್ಷದಿಂದ ಕೇಳಿಸದವನಂತೆ ಇದ್ದೆ. ಹುಡುಗನ ಹೆಸರು ಸಿದ್ದಾರ್ಥ, ಗುಡೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾನೆ. ಅವನಲ್ಲಿ ಒಂದು ದೋಷವನ್ನಾದರೂ ಹುಡುಕಬೇಕೆಂದು ನಾನು ಮನಃಪೂರ್ವಕವಾಗಿ ಪ್ರಯತ್ನಿಸಿದೆ. ಕುಡಿಯುವುದಿಲ್ಲ, ಎಲೆ ಅಡಿಕೆಯಿಲ್ಲ, ಹಿರಿಯರೆದುರು ಕಾಲ ಮೇಲೆ ಕಾಲು ಹಾಕುವುದಿಲ್ಲ. ಕೊನೆಗೆ ಉಳಿದದ್ದು ಅವನು ಯಾರ ಮಗ ಎಂಬುದೊಂದೇ. ಅವನು ನಮ್ಮ ಖಣಿಯಲ್ಲಿ ಮದ್ದು ತುಂಬಿ ಬಂಡೆ ಸೀಳುವ ಮಲಕಪ್ಪನ ಮಗ. ಮಲಕಪ್ಪನ ಮನೆ ಯಾವ ಓಣಿಯಲ್ಲಿದೆಯೆಂದು ಹೇಳಿದರೆ ತಮಗೆ ಏನೂ ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ಓಣಿ ಹೇಳಿದರೆ ಉಳಿದದ್ದನ್ನು ಹೇಳಬೇಕಾಗುವುದಿಲ್ಲ. ಕಣವನ್ನು ಒಡೆದು ಅದರೊಳಗಿನ ಕಣವನ್ನು ವಿಂಗಡಿಸಲು ತಮಗೆ ಅಷ್ಟು ದೊಡ್ಡ ಸುರಂಗ ಬೇಕಾಯಿತು. ಮನುಷ್ಯರ ಮಟ್ಟಿಗೆ ಆ ಕೆಲಸವನ್ನು ನಾವು ಯಾವ ಯಂತ್ರವೂ ಇಲ್ಲದೆ ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದೇವೆ.

ತಾವು ತಪ್ಪು ತಿಳಿಯಬಾರದು. ಪ್ರತಿ ಬಸವ ಜಯಂತಿಗೆ ನಮ್ಮ ಓಣಿಯ ವೇದಿಕೆಯ ಮೇಲೆ ಭಾಷಣ ಮಾಡುವವನು ನಾನೇ. ಮೇಲು ಕೀಳು ಇಲ್ಲವೆಂದು ಬಸವಣ್ಣನವರು ತೋರಿಸಿಕೊಟ್ಟದ್ದನ್ನು ನಾನು ಹೇಳತೊಡಗಿದರೆ ಮೈಕಿನವನೇ ದನಿ ಇಳಿಸಬೇಕಾಗುತ್ತದೆ, ಕೇಳುವವರ ಕಣ್ಣಲ್ಲಿ ನೀರು ಬರುತ್ತದೆ, ಒಮ್ಮೊಮ್ಮೆ ನನ್ನ ಕಣ್ಣಲ್ಲಿಯೂ ಬಂದದ್ದುಂಟು. ಆದರೆ ಹನ್ನೆರಡನೆಯ ಶತಮಾನದಲ್ಲಿ ಮುಗಿದುಹೋದ ಕೆಲಸವನ್ನು ಮತ್ತೆ ನನ್ನ ಮನೆಯ ಪಡಸಾಲೆಯಲ್ಲಿ ತಂದು ಇಡುತ್ತಾರೆಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಇಂಥ ಸಂಕಟದಲ್ಲಿ ನನಗೆ ದಿಕ್ಕಾಗಿ ಒದಗಿದವರು ತಾವು. ಸಿದ್ದಾರ್ಥ ಊರೂರಿಗೆ ಹೋಗಿ ತಮ್ಮಿಂದ ಏನೂ ಅಪಾಯವಿಲ್ಲವೆಂದು ಮಕ್ಕಳಿಗೆ ಹೇಳುತ್ತಿದ್ದ. ನಾನು ಎದುರಾದಾಗ ನನಗೂ ಹೇಳಿದ: “ಕಾಕಾ, ಏನೂ ಆಗಂಗಿಲ್ರಿ. ಆ ಕಣ ಡಿಕ್ಕಿ ಹೊಡಿಯೂದು ಅಂದ್ರ ಎರಡು ಸೊಳ್ಳಿ ಡಿಕ್ಕಿ ಹೊಡದಂಗ.” ಸೊಳ್ಳೆಯಂತೆ! ತಮ್ಮಂಥವರಿಗೆ ಆದ ಈ ಅವಮಾನವನ್ನು ನಾನು ನನಗೇ ಆದದ್ದೆಂದು ತಿಳಿದೆ. ಇವನ ಮಾತು ಮಂಗಳವಾರ ಸುಳ್ಳಾಗುತ್ತದೆ, ಸುಳ್ಳುಗಾರನಿಗೆ ಮಗಳನ್ನು ಕೊಡುವ ಪ್ರಶ್ನೆಯೇ ಬರುವುದಿಲ್ಲ ಎಂದು ಸಮಾಧಾನಪಟ್ಟುಕೊಂಡೆ. ಆಗ ಕೊಡಲು ಮಗಳಾಗಲಿ, ಕೊಡದಿರಲು ನಾನಾಗಲಿ ಉಳಿದಿರುವುದಿಲ್ಲ ಎಂಬ ಸಣ್ಣ ವಿಚಾರ ನನಗೆ ಹೊಳೆಯಲಿಲ್ಲ.

ಮಂಗಳವಾರ ಮಧ್ಯಾಹ್ನಕ್ಕೇ ಆಳುಗಳನ್ನೆಲ್ಲ ಮನೆಗೆ ಕಳಿಸಿದೆ. ಹೆಂಡಿರು ಮಕ್ಕಳ ಜೊತೆ ಇರಲಿ ಎಂಬ ದಯೆ ಅಷ್ಟೇ. ಮಲಕಪ್ಪ ಮಾತ್ರ ಹೋಗದೆ ನಿಂತು, “ತುಂಬಿದ ಕುಳಿ ಏನ್ ಮಾಡೂದ್ರಿ ಮುಕಾದಮರ? ಹಂಗ ಬಿಟ್ಟು ಹೋಗಾಕ ಬರಂಗಿಲ್ಲ” ಎಂದ. ಬಂಡೆಯಲ್ಲಿ ಕೊರೆದ ಕುಳಿಗೆ ಒಮ್ಮೆ ಮದ್ದು ತುಂಬಿದರೆ ಅದೇ ದಿನ ಸಿಡಿಸಬೇಕು, ಇದು ಖಣಿಯ ಕಾಯ್ದೆ. ಆ ಕಾಯ್ದೆಯನ್ನು ದಿನಾ ಎಲ್ಲರಿಗೂ ಹೇಳುವವನು ನಾನೇ. ಆದರೆ ಅಂದು ಕಾಯ್ದೆಗಿಂತ ತಮ್ಮ ಮೇಲೆ ನಂಬಿಕೆ ಹೆಚ್ಚಾಗಿತ್ತು. “ನಿನಗ ಯಾವಾಗ ತಿಳೀತದ ಆವಾಗ ಹಾರ್ಸಿ ಹೋಗಪಾ, ಇವತ್ತ ಎಲ್ಲಾ ಒಂದ” ಎಂದು ಹೇಳಿ ಮನೆಗೆ ಬಂದೆ, ಬಂದವನು ಅದನ್ನು ಮರೆತೂಬಿಟ್ಟೆ.

ಮನೆಯಲ್ಲಿ ಟಿವಿಯ ಎದುರು ಅರ್ಧ ಓಣಿಯೇ ಕುಳಿತಿತ್ತು. ಆ ಚಾನೆಲ್ಲಿನವರು ಬೆಳಗಿನಿಂದ ಮಾತುಮಾತಿಗೆ ಸೈರನ್ ಕೂಗಿಸುತ್ತಿದ್ದರು. ಹೀಗಾಗಿ ರಾಹುಕಾಲದ ನಡುವೆ ಖಣಿಯ ಸೈರನ್ ಕೂಗಿದಾಗ ಅದೂ ಟಿವಿಯದೇ ಎಂದುಕೊಂಡೆ. ಅದರ ಬೆನ್ನಿಗೇ ನೆಲ ನಡುಗಿತು, ಕಿಟಕಿಯ ಗಾಜು ಗಲಗಲಿಸಿತು, ಅಡುಗೆಮನೆಯ ಗೋಡೆಯ ಮಾಡದಿಂದ ಊಟದ ಗಂಗಾಳಗಳು ಧಡಧಡ ಬಿದ್ದವು. ಮಾನ್ಯರೇ, ಹರೆಯದಿಂದ ಇಂದಿನವರೆಗೆ ಊಟದ ಹೊತ್ತಿಗೆ ದಿನವೂ ಕೇಳಿದ ಸದ್ದು ಅದು. ಆ ಸದ್ದಿಗೆ ನಮ್ಮ ಖಣಿಯ ನಾಯಿಯೂ ಕಿವಿ ಎತ್ತುವುದಿಲ್ಲ. ಅಂದು ನಾನು, ಆ ಖಣಿಯ ಮುಕಾದಮ, ಜಗತ್ತೇ ಮುಗಿಯಿತೆಂದು ಎದ್ದು ನಿಂತೆ.

ಎದ್ದು ನಿಂತವನಿಗೆ ಕಂಡದ್ದು ಮಗಳ ಮುಖವೊಂದೇ. ಅವಳು ಹೆದರಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಈ ಕೂಸನ್ನು ಒಂದು ವರ್ಷ ಸುಮ್ಮನೆ ಅಳಿಸಿದೆನಲ್ಲ ಎನಿಸಿತು. “ಹೋಗವ್ವಾ ನಾಗಿ, ನೀ ಮೆಚ್ಚಿದಾವನ್ನ ಮಾಡ್ಕೊ. ನಂದೇನೂ ಇಲ್ಲ, ನಾ ಒಪ್ಪೀನಿ” ಎಂದು ಓಣಿಯೆಲ್ಲ ಕೇಳುವ ಹಾಗೆ ಕೂಗಿದೆ. ನನ್ನ ಮಾತು ಮುಗಿಯುವುದರೊಳಗೆ ನನ್ನ ಹೆಂಡತಿ ಸಿದ್ದವ್ವ ಒಳಗಿನಿಂದ ಡಬ್ಬಿ ತಂದು ನನ್ನ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕಿದಳು, ಮಗಳ ಬಾಯಿಗೆ ಹಾಕಿದಳು, ಕುಳಿತವರ ಕೈಗೆಲ್ಲ ಹಂಚಿದಳು. ನಮ್ಮ ಕಡೆ ನೆಂಟಸ್ತನದ ಮಾತಿನ ಮೇಲೆ ಸಕ್ಕರೆ ತಿಂದರೆ ಅದು ಗಟ್ಟಿಯಾದಂತೆ. ಹತ್ತು ಜನರೆದುರು ನುಂಗಿದ್ದನ್ನು ಉಗುಳಲು ಬರುವುದಿಲ್ಲ.

ಸಕ್ಕರೆ ಕರಗಿತು, ಜಗತ್ತು ಹಾಗೆಯೇ ಇತ್ತು. ಟಿವಿಯಲ್ಲಿ ಊದಿನಕಡ್ಡಿಯ ಜಾಹೀರಾತು ಬಂತು. ಸಿದ್ದವ್ವ ಬಿದ್ದ ಗಂಗಾಳಗಳನ್ನು ಆರಿಸುತ್ತ, “ನಿಮ್ಮ ಖಣಿ ಸದ್ದು ನನಗ ಗುರ್ತ ಸಿಗಂಗಿಲ್ಲೇನ್ರಿ? ಲಗ್ನ ಆಗಿ ಬಂದಾಗಿಂದ ಕೇಳಾಕತ್ತೀನಿ” ಎಂದಳು. ಆಗ ನನಗೆ ತುಂಬಿದ ಕುಳಿಗಳ ನೆನಪಾಯಿತು.

ಸ್ವಲ್ಪ ಹೊತ್ತಿಗೆ ಮಲಕಪ್ಪನೇ ಬಂದ, ಮೈಯೆಲ್ಲ ಕಲ್ಲಿನ ಧೂಳು. ಎಂದಿನಂತೆ ಕಟ್ಟೆಯ ಕೆಳಗೆ ನಿಂತು, “ಕಲ್ಲು ಚಲೋ ಸೀಳೇತ್ರಿ ಮುಕಾದಮರ, ಒಂದ ಸಲಕ್ಕ ಬಿತ್ತು” ಎಂದು ವರದಿ ಒಪ್ಪಿಸಿದ. ಎಷ್ಟೋ ವರ್ಷಗಳಿಂದ ನಾವಿಬ್ಬರೂ ಒಂದೇ ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚಿದವರು. ಆದರೂ ನನ್ನ ಮನೆಗೆ ಬಂದಾಗ ಅವನು ಚಹಾ ಕುಡಿಯುತ್ತಿದ್ದುದು ಆ ಕಟ್ಟೆಯ ಮೇಲೆಯೇ. ಒಳಗೆ ಬಾ ಎಂದು ನಾನು ಕರೆದಿರಲಿಲ್ಲ, ಕರೆಯಲೆಂದು ಅವನೂ ಕಾದಿರಲಿಲ್ಲ. ಸಿದ್ದವ್ವ ಸಕ್ಕರೆ ಡಬ್ಬಿಯೊಡನೆ ಬಾಗಿಲಿಗೆ ಹೋಗಿ, “ಹೊರಗ್ಯಾಕ ನಿಂತೀರಿ ಬೀಗರ? ಒಳಗ ಬರ್ರಿ” ಎಂದಳು. ಅವನು ನನ್ನ ಮುಖ ನೋಡಿದ. ನಾನು ಬಾಗಿಲಿನಿಂದ ಸರಿದು ನಿಂತೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

ಬುಧವಾರ ಹುನಗುಂದದಿಂದ ನನ್ನ ಅಣ್ಣ ಮಹಾಂತಪ್ಪ ಸುದ್ದಿ ಕೇಳಿ ಓಡಿ ಬಂದ. ಕುಲದ ಮರ್ಯಾದೆಯೆಲ್ಲ ತನ್ನ ಮೀಸೆಯಲ್ಲಿಯೇ ಇದೆಯೆಂದು ತಿಳಿದ ಮನುಷ್ಯ ಅವನು. “ಅಂಜಿ ಕೊಟ್ಟ ಮಾತು ಮಾತಲ್ಲೋ ಈರಪ್ಪಾ. ತಪ್ಪೆಲ್ಲಾ ಆ ಮಶಿನ್ನಿಂದು ಅಂತ ಹೇಳಿ ಕೈ ತೊಳ್ಕೊ” ಎಂದು ದಾರಿ ತೋರಿಸಿದ. ಖರೆ ಹೇಳುತ್ತೇನೆ, ನನಗೆ ಆ ದಾರಿ ಹಿಡಿಸಿತು. ಈ ಪತ್ರ ಬರೆಯಲು ಕುಳಿತದ್ದೇ ಅದಕ್ಕಾಗಿ. ಸದರಿ ಈರಪ್ಪನ ಹೆದರಿಕೆಗೆ ಸಂಪೂರ್ಣ ನಾವೇ ಹೊಣೆ, ಪ್ರಳಯವು ಅನಿವಾರ್ಯ ಕಾರಣಗಳಿಂದ ರದ್ದಾದ್ದರಿಂದ ಅವನು ಕೊಟ್ಟ ಒಪ್ಪಿಗೆಯೂ ರದ್ದಾಗಿದೆ ಎಂದು ತಮ್ಮಿಂದ ಒಂದು ಪ್ರಮಾಣಪತ್ರ ಬೇಡುವವನಿದ್ದೆ. ಕಾಗದದ ಮೇಲೆ ತಮ್ಮ ಮೊಹರಿನ ಶಿಕ್ಕಾ ಬಿದ್ದರೆ ಊರಲ್ಲಿ ಯಾರೂ ಸೊಲ್ಲೆತ್ತುತ್ತಿರಲಿಲ್ಲ.

ಅಷ್ಟರಲ್ಲಿ ಚಹಾ ತಂದ ನಾಗರತ್ನಾ ಹಿಂದೆ ನಿಂತು ನಾನು ಬರೆಯುತ್ತಿದ್ದುದನ್ನು ಓದಿದಳು. ಸಿಟ್ಟು ಮಾಡಲಿಲ್ಲ. “ಅಪ್ಪಾ, ಎಲ್ಲಾ ಮುಳಗ್ತದ ಅಂದಾಗ ನಿನ್ನ ಮನಸಿನ್ಯಾಗ ಇದ್ದದ್ದ ಹೇಳಿದಿ. ನಾವು ಉಳಕೊಂಡ್ವಿ ಅಂತ ಅದು ಸುಳ್ಳಾತೇನು?” ಎಂದಷ್ಟೇ ಕೇಳಿ ಚಹಾ ಇಟ್ಟು ಹೋದಳು. ನನಗೆ ನಾಚಿಕೆಯಾಯಿತು. ಪ್ರಮಾಣಪತ್ರ ಬೇಡಿದ ಆ ಕಾಗದವನ್ನು ಹರಿದು ಒಲೆಗೆ ಹಾಕಿ ಇದನ್ನು ಹೊಸದಾಗಿ ಬರೆದಿದ್ದೇನೆ.

ಆದ್ದರಿಂದ ನನ್ನ ಬೇಡಿಕೆಗಳೂ ಬದಲಾಗಿವೆ. ಶ್ರಾವಣದಲ್ಲಿ ನಮ್ಮ ಮನೆಯ ಮುಂದೆಯೇ ಚಪ್ಪರ ಹಾಕಿ, ಅಕ್ಷತೆಯ ಅಕ್ಕಿಕಾಳು ಹಾಕಿಸಿ, ಇಬ್ಬರದೂ ಲಗ್ನ ಮಾಡಲು ನಿಶ್ಚಯಿಸಿದೆ. ಅಂದು ತಾವು ದಯವಿಟ್ಟು ರಜೆ ತೆಗೆದುಕೊಂಡು ಒಂದು ಕಣವನ್ನೂ ಅಲುಗಿಸದೆ ತೆಪ್ಪಗೆ ಇರಬೇಕು. ಹಿಂದೆ ಪ್ರಳಯ ಮಾಡಲಿಲ್ಲವೆಂದು ದೂರಿದವನೇ ಈಗ ಮಾಡಬೇಡಿರೆಂದು ಬೇಡುವುದು ವಿಚಿತ್ರವೆನಿಸಬಹುದು. ಹೆಣ್ಣು ಹೆತ್ತವರ ಪಾಡು ಯಂತ್ರಗಳಿಗೆ ತಿಳಿಯುವಂಥದ್ದಲ್ಲ. ತಮಗೂ ಆಮಂತ್ರಣವಿದೆ. ಸುರಂಗ ಬಿಟ್ಟು ಬರಲಾಗದಿದ್ದರೆ ತಮ್ಮ ಪರವಾಗಿ ಒಬ್ಬ ವಿಜ್ಞಾನಿಯನ್ನಾದರೂ ಕಳಿಸಬೇಕು, ಅವರಿಗೆ ಖಾರ ಕಡಿಮೆ ಹಾಕಿಸುತ್ತೇನೆ. ಬೀಗರು ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂಡುವವರಿದ್ದೇವೆ, ಅವರೂ ನಮ್ಮ ಸಾಲಿನಲ್ಲಿಯೇ ಕೂಡಬೇಕಾಗುತ್ತದೆ.

ಜಗತ್ತನ್ನು ಉಳಿಸಿದ್ದಕ್ಕಾಗಿ ತಮ್ಮ ಮೇಲೆ ಇನ್ನೂ ಅರ್ಧ ಸಿಟ್ಟು ಉಳಿದಿರುವ,

ತಮ್ಮ ವಿಶ್ವಾಸಿ,
ಈರಪ್ಪ, ಖಣಿ ಮುಕಾದಮ ಮತ್ತು ಹೆಣ್ಣಿನ ಅಪ್ಪ,
ಇಳಕಲ್

ತಾ.ಕ.: ಅಣ್ಣ ಮಹಾಂತಪ್ಪ ಈ ಲಗ್ನಕ್ಕೆ ಕಾಲಿಡುವುದಿಲ್ಲವೆಂದು ಪಟ್ಟು ಹಿಡಿದಿದ್ದಾನೆ. ಒಡಹುಟ್ಟಿದವನು, ಅವನಿಲ್ಲದೆ ಅಕ್ಕಿಕಾಳು ಹಾಕಲು ನನಗೆ ಮನಸ್ಸಿಲ್ಲ. ತಾವು ರಜೆ ತೆಗೆದುಕೊಳ್ಳಬೇಕೆಂಬ ಮಾತು ಲಗ್ನದ ದಿನಕ್ಕೆ ಮಾತ್ರ ಅನ್ವಯ. ಅದರ ಹಿಂದಿನ ದಿನ, ಹುನಗುಂದದ ಮಟ್ಟಿಗೆ, ಅವನೊಬ್ಬನ ಮೊಬೈಲಿಗೆ ಮಾತ್ರ, ಮರುದಿನ ಪ್ರಳಯವೆಂದು ಒಂದು ಸುದ್ದಿ ಕಳಿಸಿದರೆ ತುಂಬಾ ಉಪಕಾರವಾಗುವುದು.