ಡ್ರೈವರನ ನೆತ್ತಿಯ ಮೇಲಿನ ಸೀಟು

ಡಾಲಸ್ ಹತ್ತಿರ ಬಸ್ಸೇ ಬಾರದ ಊರಿನಲ್ಲಿ ಮನೆ ಮಾಡಿಕೊಂಡಿದ್ದರೂ ಬಸ್ಸಿನ ದೆಸೆಯಿಂದ ನಾನು ಪೇಚಿಗೆ ಸಿಕ್ಕಿಕೊಳ್ಳುವುದು ಮಾತ್ರ ನಿಂತಿಲ್ಲ. ತಪ್ಪು ನನ್ನದೇ ಎಂದು ಹೆಂಡತಿ ಹೇಳುತ್ತಾಳೆ. ಅಕ್ಕನೂ ಹಾಗೇ ಹೇಳುತ್ತಾಳೆ. ಬಸ್ಸನ್ನು ಯಾರೂ ಕೇಳಿಲ್ಲ.

ಮೆನುವಿನಲ್ಲಿ ಇಲ್ಲದ್ದು

ಒಂದು ಭಾನುವಾರ ತರಕಾರಿ ತರಲು ಲೂಯಿಸ್‌ವಿಲ್ ಕಡೆ ಹೊರಟಿದ್ದೆವು. ದಾರಿಯಲ್ಲಿ ಒಂದು ಪಾರ್ಕಿಂಗ್ ಲಾಟಿನ ಮೂಲೆಯಲ್ಲಿ ಕೆಂಪು ಡಬಲ್ ಡೆಕ್ಕರ್ ಬಸ್ಸು ನಿಂತಿತ್ತು. ಇಂಗ್ಲೆಂಡಿನ ಹಳೆಯ ಬಸ್ಸು. ಹಿಂದುಗಡೆ ಬಾಗಿಲೇ ಇಲ್ಲದ ಕಟ್ಟೆ, ಹಿಡಿದು ಹತ್ತಲು ಒಂದು ಕಂಬ, ಮುಂದೆ ಡ್ರೈವರನೊಬ್ಬನಿಗೇ ಗೂಡಿನಂಥ ಜಾಗ. ನಾನು ತೀರ್ಮಾನ ಮಾಡುವ ಮೊದಲೇ ಕಾರು ಆ ಕಡೆ ತಿರುಗಿತ್ತು. ಹೆಂಡತಿ ಟೈರ್ ಪಂಕ್ಚರ್ ಆಯಿತೇ ಎಂದು ಕೇಳಿದಳು.

ಹತ್ತಿರ ಹೋದಾಗ ತಿಳಿಯಿತು, ಅದಕ್ಕೆ ಇಂಜಿನ್ನೇ ಇರಲಿಲ್ಲ. ಯಾರೋ ಅದನ್ನು ಕಾಫಿ ಅಂಗಡಿ ಮಾಡಿದ್ದರು. ಕೌಂಟರಿನ ಹುಡುಗಿ ಏನು ಬೇಕೆಂದಳು. ಮಹಡಿಯ ಮುಂದಿನ ಸೀಟು ಬೇಕೆಂದೆ. ಅವಳು ಪಾಪ, ತಿರುಗಿ ಗೋಡೆಯ ಮೇಲಿನ ಮೆನುವನ್ನು ಒಮ್ಮೆ ಪೂರ್ತಿ ಓದಿ, ಅದು ನಮ್ಮಲ್ಲಿಲ್ಲ ಎಂದಳು. ಕೊನೆಗೆ ಮೇಲೆ ಹೋಗಿ ನೋಡಲು ಬಿಟ್ಟಳು. ಮಹಡಿಯನ್ನು ಸಾಮಾನಿನ ಕೋಣೆ ಮಾಡಿದ್ದರು. ಮುಂದಿನ ಸೀಟಿನಲ್ಲಿ ಪೇಪರ್ ಕಪ್ಪಿನ ಪೆಟ್ಟಿಗೆಗಳು ಸಾಲಾಗಿ ಕೂತು ರಸ್ತೆ ನೋಡುತ್ತಿದ್ದವು.

ನಾನು ಕೆಳಗಿಳಿದು ಬರುವಷ್ಟರಲ್ಲಿ ಹೆಂಡತಿ ಪಕ್ಕದ ಅಂಗಡಿಯಲ್ಲಿ ಅರ್ಧ ಪೇಟೆ ಮುಗಿಸಿದ್ದಳು. ಆ ವಾರ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಎಲ್ಲರಿಗೂ ಹೇಳಿದಳು: "ಇವರು ಬಸ್ಸಿಲ್ಲದ ಊರಲ್ಲಿ, ಇಂಜಿನ್ ಇಲ್ಲದ ಬಸ್ಸು ಹತ್ತಿ, ಸೀಟು ಸಿಗಲಿಲ್ಲ ಅಂತ ಬೇಜಾರು ಮಾಡ್ಕೊಂಡು ಬಂದ್ರು."

ಹ್ಯೂಸ್ಟನ್ನಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಬಸ್ಸು ನೋಡಿದೆ ಎಂದೆ. ಎಲ್ಲಿ, ಯಾವಾಗ, ಯಾವ ಬಣ್ಣ, ಒಂದನ್ನೂ ಅವಳು ಕೇಳಲಿಲ್ಲ. "ನನ್ನ ಸೀಟಲ್ಲಿ ಯಾರು ಕೂತಿದ್ರು?" ಎಂದಳು.

ನಾನು ಓಡಿಸಿದ ಬಸ್ಸು

ಆ ಪ್ರಶ್ನೆ ಅರ್ಥವಾಗಬೇಕಾದರೆ ಬೆಂಗಳೂರಿಗೆ ಹೋಗಬೇಕು. ನಾವು ಚಿಕ್ಕವರಿದ್ದಾಗ ಭಾನುವಾರ ಶಿವಾಜಿನಗರದಲ್ಲಿ ಡಬಲ್ ಡೆಕ್ಕರ್ ಹತ್ತಿ ಜಯನಗರದ ಅಜ್ಜಿಯ ಮನೆಗೆ ಹೋಗುತ್ತಿದ್ದೆವು. ಆ ಬಸ್ಸುಗಳು ಲಂಡನ್ನಿನಿಂದ ಹಡಗಿನಲ್ಲಿ ಬಂದವು ಎಂದು ಅಪ್ಪ ಗಂಭೀರವಾಗಿ ಹೇಳುತ್ತಿದ್ದರು. ನಕ್ಷೆ ಮಾತ್ರ ಇಂಗ್ಲಿಷರದು, ಕಬ್ಬಿಣವೆಲ್ಲ ನಮ್ಮದೇ ಎಂದು ಎಷ್ಟೋ ವರ್ಷದ ಮೇಲೆ ಎಲ್ಲೋ ಓದಿದೆ. ಅಪ್ಪನಿಗೆ ಹೇಳಲಿಲ್ಲ.

ಮಹಡಿಯ ಮುಂಭಾಗದಲ್ಲಿ ಎರಡು ಸೀಟು. ಬಲಗಡೆಯದು ಸರಿಯಾಗಿ ಡ್ರೈವರನ ನೆತ್ತಿಯ ಮೇಲೆ ಬರುತ್ತಿತ್ತು. ಅಲ್ಲಿ ಕೂತವರೇ ಬಸ್ಸು ಓಡಿಸುವವರು, ಇದು ನಮ್ಮ ಕಾನೂನು. ಎಡಗಡೆ ಕೂತವನು ಕಂಡಕ್ಟರ್. ಕೆಳಗಿನ ಸೀಟಾದರೆ ಕಿಟಕಿಯಿಂದ ಕರ್ಚೀಫ್ ಹಾಕಿ ಹಿಡಿಯಬಹುದು. ಮಹಡಿಗೆ ಕೈ ಎಟುಕುವುದಿಲ್ಲ, ಓಡಿಯೇ ಹತ್ತಬೇಕು. ಅಕ್ಕ ನನಗಿಂತ ದೊಡ್ಡವಳು, ಕಾಲೂ ಉದ್ದ. ಲಂಗ ಎತ್ತಿಕೊಂಡು ಎರಡೆರಡು ಮೆಟ್ಟಿಲು ಹಾರಿ ಹೋಗುತ್ತಿದ್ದಳು. ನಾನು ತಲುಪುವಷ್ಟರಲ್ಲಿ ಗಾಳಿಯಲ್ಲಿ ಸ್ಟೀರಿಂಗ್ ಹಿಡಿದು ಕೂತು, "ರೈಟ್ ಹೇಳೋ" ಎನ್ನುತ್ತಿದ್ದಳು. ಹೇಳುತ್ತಿದ್ದೆ. ದಾರಿಯ ಮರದ ಕೊಂಬೆಗಳು ಗಾಜಿಗೆ ಬಡಿದಾಗ ಇಬ್ಬರೂ ತಲೆ ತಗ್ಗಿಸುತ್ತಿದ್ದೆವು. ತೆರೆದ ಕಿಟಕಿಯಿಂದ ಗುಲ್‌ಮೊಹರಿನ ಎಸಳು ಒಳಗೆ ಬಿದ್ದರೆ ಅದನ್ನು ಟಿಕೆಟ್ ಎಂದು ಹಂಚುವುದು ನನ್ನ ಕೆಲಸ.

ಒಮ್ಮೆ ನಾನು ಬಹಳ ಅತ್ತಿದ್ದರಿಂದ ಅಮ್ಮ ಅಕ್ಕನನ್ನು ಎಬ್ಬಿಸಿ ಆ ಸೀಟಿನಲ್ಲಿ ನನ್ನನ್ನು ಕೂರಿಸಿದರು. ಸ್ಟೀರಿಂಗ್ ಹಿಡಿದೆ. ಲಾಲ್‌ಬಾಗಿನ ಹತ್ತಿರ ಬಸ್ಸು ಕೆಮ್ಮಿ, ಕುಲುಕಾಡಿ, ನಿಂತೇ ಹೋಯಿತು. ಎಲ್ಲರೂ ಇಳಿದರು. ಆ ಬಿಸಿಲಿನಲ್ಲಿ ಅಜ್ಜಿಯ ಮನೆವರೆಗೂ ನಡೆದೆವು. ಅಕ್ಕ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದಳು: "ಇವನು ಓಡಿಸಿದ, ನೋಡಿ."

ಆಮೇಲೆ ಆ ಸೀಟು ನನಗೆ ಸಿಗಲಿಲ್ಲ. ಕೆಲವು ವರ್ಷಕ್ಕೆ ಆ ಬಸ್ಸುಗಳೂ ರಸ್ತೆಯಿಂದ ಹೋದವು. ಆ ಸೀಟಿನಲ್ಲಿ ಕೂತು ಜಯನಗರ ತಲುಪುವುದೊಂದು ಬಾಕಿಯೇ ಉಳಿಯಿತು.

ಔಷಧ

ಆಸ್ಟಿನ್ನಿನ ಹೊರಗೆ ಒಬ್ಬ ಮುದುಕನ ಹತ್ತಿರ ಇಂಥದೇ ಬಸ್ಸಿದೆ, ಅದು ಓಡುತ್ತದೆ ಎಂದು ಭಾವ ಪತ್ತೆ ಮಾಡಿದರು. ಭಾವ ಧಾರವಾಡದವರು, ಹೃದಯದ ಡಾಕ್ಟರು. ಅವರು ಹ್ಯೂಸ್ಟನ್ನಿನಿಂದ ಬಂದರು, ನಾನು ಡಾಲಸ್‌ನಿಂದ ಹೋದೆ. ಮುದುಕ ಅಗಲ ಟೋಪಿ ಹಾಕಿಕೊಂಡು, ಹಸುಗಳ ನಡುವೆ ನಿಂತ ಬಸ್ಸನ್ನು ತೋರಿಸಿದ. ಬೇಸಿಗೆಗೆ ಮೊದಲು ಅದನ್ನು ಆಸ್ಟಿನ್ನಿನ ಒಂದು ಹೋಟೆಲಿಗೆ ಕೊಡುತ್ತಾನಂತೆ, ಅವರು ಇಂಜಿನ್ ತೆಗೆದು ಐಸ್‌ಕ್ರೀಮ್ ಅಂಗಡಿ ಮಾಡುತ್ತಾರಂತೆ. ನನಗೆ ಪೇಪರ್ ಕಪ್ಪಿನ ಪೆಟ್ಟಿಗೆಗಳು ಕಣ್ಣಮುಂದೆ ಬಂದವು.

ಅದಕ್ಕೆ ಮೊದಲು ನಮ್ಮ ಕನ್ನಡ ಸಂಘದ ಯುಗಾದಿ ಪಿಕ್‌ನಿಕ್ಕಿಗೆ ಒಂದು ದಿನ ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿದೆ. ಸ್ಟಾರ್ಟ್ ಆದರೆ ಕೊಡುತ್ತೇನೆ ಎಂದ. ಆಗಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದ. ಇಂಜಿನ್ ನರಳುತ್ತಿತ್ತು, ಏಳುತ್ತಿರಲಿಲ್ಲ. ಭಾವ ಬಾನೆಟ್ಟಿಗೆ ಕಿವಿ ಕೊಟ್ಟು ಸ್ವಲ್ಪ ಹೊತ್ತು ಕೇಳಿದರು, ರೋಗಿಯ ಎದೆಗೆ ಕಿವಿ ಕೊಟ್ಟ ಹಾಗೆಯೇ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಕಾರಿನ್ಯಾಗ ನಿಂಬಿಹಣ್ಣ ಅದಾವೇನ್ರಿ?" ಎಂದರು.

ಹೆಂಡತಿ ಚಿತ್ರಾನ್ನಕ್ಕೆಂದು ತರಿಸಿದ್ದ ನಿಂಬೆಹಣ್ಣುಗಳಿದ್ದವು. ಭಾವ ಒಂದೊಂದು ಚಕ್ರದ ಕೆಳಗೂ ಒಂದೊಂದು ಇಟ್ಟು, ಕೈ ಒರೆಸಿಕೊಂಡು, ಈಗ ನೋಡು ಎಂದು ಮುದುಕನಿಗೆ ಸನ್ನೆ ಮಾಡಿದರು. ಇಂಜಿನ್ ಹಸುಗಳು ಬೆಚ್ಚುವಂತೆ ಎದ್ದು ಕೂತಿತು. ಬಸ್ಸು ನಿಂಬೆಹಣ್ಣು ಜಜ್ಜಿಕೊಂಡು ಮುಂದೆ ಹೋಯಿತು. ಮುದುಕ ಇಳಿದು ಬಂದು, ಇದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದ. ಭಾವನಿಗೆ ವಿವರಿಸಲು ಸಂಕೋಚ. ಇಂಥವನ್ನು ಮುನ್ನೆಚ್ಚರಿಕೆಗೆ ಕೊಡುತ್ತೇವೆ ಎಂದರು.

ಯುಗಾದಿಯ ಹಿಂದಿನ ವಾರ ಮುದುಕನ ಫೋನ್ ಬಂತು. ನಿಂಬೆಹಣ್ಣು ತಂದಿದ್ದೇನೆ, ಊಟಕ್ಕೆ ಮೊದಲು ಕೊಡಬೇಕೋ, ಆದಮೇಲೋ ಎಂದು ಕೇಳಿದ.

ಗೋಡೆ

ಪಿಕ್‌ನಿಕ್ಕು ನಮ್ಮೂರಿನ ಹತ್ತಿರದ ಲಿಟಲ್ ಎಲ್ಮ್‌ನ ಕೆರೆಯ ಪಕ್ಕದಲ್ಲಿ. ಮುದುಕ ಹಿಂದಿನ ದಿನವೇ ಆಸ್ಟಿನ್ ಬಿಟ್ಟು ನಿಧಾನವಾಗಿ ಓಡಿಸಿಕೊಂಡು ಬಂದಿದ್ದ. ಅಕ್ಕ, ಭಾವ ಹ್ಯೂಸ್ಟನ್ನಿನಿಂದ ಬಂದಿದ್ದರು. ಒಂದೇ ಸುತ್ತು, ಪ್ರಾಸ್ಪರ್ ಕಡೆ ಹೋಗಿ ವಾಪಸು. ಆಮೇಲೆ ಆ ಬಸ್ಸು ಓಡುವುದಿಲ್ಲ.

ಅಕ್ಕನ ಮನಸ್ಸಿನಲ್ಲಿ ಏನಿದೆಯೆಂದು ನಾನು ಮೊದಲೇ ವಿಚಾರಿಸಿದ್ದೆ. ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ, "ನನಗೀಗ ಮೊಣಕಾಲು ನೋವು ಕಣೋ. ಮೇಲೆ ಹತ್ತೋರು ಯಾರು? ನೀವೆಲ್ಲ ಹೋಗ್ಬನ್ನಿ," ಎಂದಿದ್ದಳು. ನಂಬಿದೆ.

ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಫುಟ್‌ಪಾತಿನ ಅಂಚಿನಲ್ಲಿ ನಿಂತೆ. ನನ್ನ ಹಿಂದೆ ಉದ್ದ ಸಾಲು. ಎಲ್ಲರೂ ಈ ದೇಶದಲ್ಲಿ ಬಹುಕಾಲ ಕಾರು ಓಡಿಸಿ ಪಳಗಿದವರು, ರಸ್ತೆಯ ಬಲಕ್ಕೆ ಶಿಸ್ತಾಗಿ ನಿಂತಿದ್ದರು. ಅಕ್ಕ ಮಾತ್ರ ರಸ್ತೆಯ ಆಚೆ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದಳು. ಈ ಕಡೆ ಬಾ ಎಂದು ಕೈಬೀಸಿದೆ. ಅಲ್ಲಿಂದಲೇ ಕೈಬೀಸಿದಳು.

ಬಸ್ಸು ಬಂದು ನಮ್ಮೆದುರು ನಿಂತಿತು. ಹತ್ತಲು ಕಾಲೆತ್ತಿದೆ. ಎದುರಿಗೆ ಕೆಂಪು ತಗಡಿನ ಗೋಡೆ. ಇಂಗ್ಲೆಂಡಿನ ಬಸ್ಸಿಗೆ ಹತ್ತುವ ದಾರಿ ಎಡಗಡೆ ಎಂಬುದು, ಎಡಗಡೆಯಿಂದಲೇ ಬಸ್ಸು ಹತ್ತಿ ಬೆಳೆದ ನಮ್ಮಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಇಡೀ ಸಾಲು ಬಸ್ಸಿನ ಹಿಂದಿನಿಂದ ಸುತ್ತಿ ಓಡಿತು. ಆಚೆ ಬದಿಯಲ್ಲಿ ಖಾಲಿ ಕುರ್ಚಿ ಇತ್ತು, ಅಕ್ಕ ಇರಲಿಲ್ಲ.

ಮೇಲೆ ಹೋದರೆ ಡ್ರೈವರನ ನೆತ್ತಿಯ ಮೇಲಿನ ಸೀಟಿನಲ್ಲಿ ಕಿಟಕಿಗೆ ಒರಗಿ ಕೂತಿದ್ದಳು. ಎಡಗಡೆಯ ಸೀಟಿನ ಮೇಲೆ ಅವಳ ಕರ್ಚೀಫ್.

"ನಿನಗೇ ಹಾಕಿದೀನಿ, ಕೂತ್ಕೋ," ಎಂದಳು.

ಮೊಣಕಾಲು ನೋವು ಏನಾಯಿತು ಎಂದು ಕೇಳಿದೆ.

"ಅದು ಇಳಿಯೋವಾಗ."

ರೈಟ್

ಬಸ್ಸು ಹೊರಟಿತು. ಪ್ರಾಸ್ಪರಿನ ಹೊಸ ಬಡಾವಣೆಗಳ ಮರಗಳು ಇನ್ನೂ ಕೋಲಿಗೆ ಕಟ್ಟಿಸಿಕೊಂಡು ನಿಂತ ಎಳೆಯವು, ಬಸ್ಸಿನ ಕಿಟಕಿಗೂ ಎಟುಕುವುದಿಲ್ಲ. ಕೆರೆಯ ಕಡೆ ತಿರುಗಿದಾಗ ಮಾತ್ರ ಒಂದು ಹಳೆಯ ಓಕ್ ಮರದ ಕೊಂಬೆ ಗಾಜನ್ನು ಸವರಿತು. ಮಹಡಿಯಲ್ಲಿದ್ದ ಬೆಂಗಳೂರಿನವರೆಲ್ಲ ಒಟ್ಟಿಗೆ ತಲೆ ತಗ್ಗಿಸಿದರು. ಮಕ್ಕಳು ನೆಟ್ಟಗೆ ಕೂತು ನಮ್ಮನ್ನು ನೋಡಿದವು. ಇದೂ ಪೂಜೆಯ ಭಾಗವೇ ಎಂದು ನನ್ನ ಮಗಳು ಇಂಗ್ಲಿಷಿನಲ್ಲಿ ಕೇಳಿದಳು.

ತಲೆ ಎತ್ತಿದಾಗ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳ ತಲೆಗೂದಲು ಪೂರ್ತಿ ಬೆಳ್ಳಗಾಗಿದೆ ಎಂಬುದನ್ನು ಆ ಬೆಳಕಿನಲ್ಲಿ ಮೊದಲ ಸಲ ಗಮನಿಸಿದೆ. ಅವಳು ನನ್ನಲ್ಲಿ ಏನು ಗಮನಿಸಿದಳೋ ಗೊತ್ತಿಲ್ಲ. ಕಂಬ ಹಿಡಿದು ಎದ್ದಳು.

"ಬಾರೋ. ಇನ್ನು ನೀನು ಓಡಿಸು."

ನಾನು ಬೇಡವೆನ್ನಲಿಲ್ಲ. ಅವಳು ಬದಲಿಸಿಕೊಂಡು ಎಡಗಡೆ ಕೂತಳು. ಕೆಳಗೆ ಮುದುಕನ ಟೋಪಿ, ಮುಂದೆ ಇಡೀ ರಸ್ತೆ. ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು ಎರಡೂ ಕೈ ಎತ್ತಿ ಸ್ಟೀರಿಂಗ್ ಹಿಡಿದೆ.

ಬಸ್ಸು ಕೆಮ್ಮಿತು. ಕುಲುಕಾಡಿತು. ನಿಂತಿತು.

ಅಕ್ಕ ಕಿಟಕಿಯಾಚೆ ಮುಖ ತಿರುಗಿಸಿದಳು, ಅವಳ ಭುಜ ಮಾತ್ರ ಅಲುಗಾಡುತ್ತಿತ್ತು. ಬೆಳಿಗ್ಗೆ ನಿಂಬೆಹಣ್ಣು ಇಟ್ಟಿದ್ದೆವಲ್ಲ ಎಂದು ನಾನೇ ಅಂದೆ.

"ನಿಂಬೆಹಣ್ಣು ದೃಷ್ಟಿಗೆ ಕಣೋ," ಎಂದಳು. "ನಿನಗಲ್ಲ."

ಲಾಲ್‌ಬಾಗಿನ ಕಥೆಯನ್ನು ಅವಳು ಎಲ್ಲರಿಗೂ ಹೇಳಿದಳು. ಕೆಳಗೆ ಮುದುಕ ಬಾನೆಟ್ ತೆಗೆದು ಏನೋ ಬಡಿಯುತ್ತಿದ್ದ, ಭಾವ ಪಕ್ಕದಲ್ಲಿ ನಿಂತು ಧೈರ್ಯ ಹೇಳುತ್ತಿದ್ದರು. ಹಿಂದಿನ ಸೀಟಿನ ಸಾಫ್ಟ್‌ವೇರ್ ಹುಡುಗನೊಬ್ಬ, ಬಹಳ ವಿನಯದಿಂದ, "ಅಂಕಲ್, ಬೇಜಾರಿಲ್ಲ ಅಂದ್ರೆ ಸ್ವಲ್ಪ ಆಂಟಿಗೆ ಸೀಟು ಬಿಡ್ತೀರಾ? ಊಟಕ್ಕೆ ಹೋಗ್ಬೇಕು," ಎಂದ. ಹಿಂದಿನಿಂದ ಮತ್ತಿಬ್ಬರು ಹೌದು ಎಂದರು. ನಾನು ಏಳಲಿಲ್ಲ. ಈ ಬಸ್ಸು ಮುಂದಿನ ವಾರ ಐಸ್‌ಕ್ರೀಮ್ ಅಂಗಡಿ.

ಆಗ ಮಗಳು ಮತ್ತೆ ಇಂಗ್ಲಿಷಿನಲ್ಲಿ ಕೇಳಿದಳು. ಅದು ಇಬ್ಬರು ಕೂರುವ ಸೀಟು ತಾನೇ, ನೀವಿಬ್ಬರೂ ಚಿಕ್ಕವರಿದ್ದಾಗಲೇ ಒಟ್ಟಿಗೆ ಯಾಕೆ ಕೂರಲಿಲ್ಲ?

ನಾನು ಸೀಟನ್ನು ನೋಡಿದೆ. ಅಕ್ಕನೂ ನೋಡಿದಳು. ಇಬ್ಬರು ಧಾರಾಳವಾಗಿ ಕೂರಬಹುದಾದ ಸೀಟು, ಬೆಂಗಳೂರಿನಲ್ಲೂ ಇಷ್ಟೇ ಅಗಲವಿತ್ತು.

"ಒಂದು ಬಸ್ಸಿಗೆ ಇಬ್ಬರು ಡ್ರೈವರ್ ಇರ್ತಾರಾ, ಪುಟ್ಟಿ?" ಎಂದು ಅಕ್ಕ ಹೇಳಿದಳು. ಹೇಳಿದ ಮೇಲೆ ಎದ್ದು ಬಂದು, ನನ್ನ ಕಾಲು ದಾಟಿ, ಕಿಟಕಿಯ ಪಕ್ಕ ಕೂತಳು. ನಾನು ಈಚೆ ಸರಿದೆ.

ಕೆಳಗೆ ಇಂಜಿನ್ ಎದ್ದಿತು. ಮಹಡಿಯವರು ಚಪ್ಪಾಳೆ ತಟ್ಟಿದರು, ನನಗಲ್ಲ. ಭಾವ ಹತ್ತಿಕೊಂಡು ಕೆಳಗಿನಿಂದ "ರೈಟ್ ರೀ" ಎಂದು ಕೂಗಿದರು. ಬಸ್ಸು ಹೊರಟಿತು.

ಸ್ಟೀರಿಂಗ್ ಅವಳೇ ಹಿಡಿದಳು. ಗೇರು ನನಗೆ ಬಿಟ್ಟಳು.