ನನಗೆ ತಿಳಿದರೆ ಊರಿಗೇ ತಿಳಿದಂಗ

ನಮ್ಮ ಸೋದರಮಾವ ಕುಷ್ಟಗಿ ಸೀಮೆಗೆಲ್ಲ ಒಳ್ಳೆಯ ಮಾಸ್ತರರೆಂದು ಹೆಸರಾದದ್ದು ನನ್ನ ದಡ್ಡತನದಿಂದ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ದಣಿವಿನಿಂದ ಹೇಳುತ್ತಿದ್ದೇನೆ. ಆರು ವರ್ಷ ಅವರ ಕೈಗೆ ಸಿಕ್ಕಿದ್ದೆ. ಈ ಮುಪ್ಪಿನಲ್ಲೂ ಆ ದಣಿವು ಇಳಿದಿಲ್ಲ.

ನಾನು ಅವರ ಮನೆಗೆ ಬಂದಾಗ ನನಗೆ ಒಂಬತ್ತು ವರ್ಷ. ಅವ್ವ ತೀರಿಕೊಂಡಿದ್ದಳು. ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡುತ್ತಿದ್ದ ಅಪ್ಪ ಇನ್ನೊಂದು ಮದುವೆಯಾಗಿ, ನನ್ನನ್ನು ಮಾವನ ಮನೆಯಲ್ಲಿ ಬಿಟ್ಟುಹೋದ. "ಹುಡುಗಿ ಮನಿಗೆಲಸ ಕಲೀಲಿ. ಸಾಲಿಗೀಲಿಗೆ ಕಳಿಸಬ್ಯಾಡ್ರಿ" ಎಂದು ಹೋಗುವಾಗ ಕಟ್ಟಪ್ಪಣೆ ಬೇರೆ. ಮಾವ ತಲೆಯಾಡಿಸಿದರು.

ಮರುದಿನ ಸಂಜೆ ಸಾಲಿ ಬಿಟ್ಟು ಬಂದವರು ಕೋಟು ಕಳೆಯಲಿಲ್ಲ, ರುಮಾಲು ತೆಗೆಯಲಿಲ್ಲ. ಸೀದಾ ಒಲೆಯ ಹತ್ತಿರ ಮಣೆ ಹಾಕಿಕೊಂಡು ಕೂತರು. ನಾನು ಅತ್ತೆಗೆ ರೊಟ್ಟಿಯ ಹಿಟ್ಟು ನಾದಿ ಕೊಡುತ್ತಿದ್ದೆ.

"ನೋಡವಾ, ನಾಳೆ ಹುಡುಗರಿಗೆ ಈ ಪಾಠ ಹೇಳಬೇಕು. ಮೊದಲ ನಿನ್ನ ಮುಂದ ಹೇಳಿ ನೋಡ್ತೀನಿ. ನಿನಗ ತಿಳೀತಂದ್ರ ಊರಿಗೇ ತಿಳಿದಂಗ."

ಇದು ಹೊಗಳಿಕೆಯೋ ಬೈಗುಳವೋ ಎಂದು ನಾನು ಯೋಚಿಸುವಷ್ಟರಲ್ಲಿ ಅರ್ಧ ಪಾಠ ಮುಗಿದಿತ್ತು.

ಆಗ ನಿಜಾಮರ ಆಡಳಿತ. ಸಾಲಿಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. "ಕನ್ನಡದಾಗ ತಿಳೀದಿದ್ದು ಉರ್ದುವಿನ್ಯಾಗ ಹೆಂಗ ತಿಳೀತೈತಿ?" ಎಂದು ಮಾವ ನನಗೆ ಮೊದಲು ಕನ್ನಡದಲ್ಲಿ, ಆಮೇಲೆ ಉರ್ದುವಿನಲ್ಲಿ ಹೇಳುತ್ತಿದ್ದರು. ಅಂದರೆ ಊರ ಮಕ್ಕಳಿಗೆ ಒಂದು ಸಲ ಬರುವ ಕಷ್ಟ ನನಗೆ ಎರಡು ಸಲ.

ತಪ್ಪಿಸಿಕೊಳ್ಳಲು ದಾರಿಯಾದರೂ ಇತ್ತೇ? ತಿಳೀಲಿಲ್ಲ ಎಂದರೆ ಅದನ್ನೇ ಆ ಮಗ್ಗುಲು ಈ ಮಗ್ಗುಲು ತಿರುವಿ ಮೂರು ದಿನ ಹೇಳುತ್ತಿದ್ದರು. ತಿಳೀತು ಎಂದರೆ, "ಹಂಗಾರ ನನಗ ಹೇಳಿಕೊಡು. ನಾ ದಡ್ಡ ಹುಡುಗ" ಎಂದು ಎದುರಿಗೆ ಕೈಕಟ್ಟಿ ಕೂಡುತ್ತಿದ್ದರು. ಅವರಷ್ಟು ದಡ್ಡ ಹುಡುಗನನ್ನು ನಾನು ಆಮೇಲೆ ಎಲ್ಲಿಯೂ ಕಾಣಲಿಲ್ಲ. ಏಳೆಂಟ್ಲೆ ಐವತ್ತಾರೇ ಯಾಕಾಗಬೇಕು, ಐವತ್ತೈದಾದರೆ ಯಾರ ಗಂಟೇನು ಹೋಗುತ್ತದೆ ಎಂದು ಕೇಳುತ್ತಿದ್ದರು. ಹಿಟ್ಟು ಒಣಗುತ್ತಿತ್ತು.

ಭಿನ್ನರಾಶಿ ಹೇಳಿದ ದಿನವಂತೂ ಬುಟ್ಟಿಯಿಂದ ರೊಟ್ಟಿ ತೆಗೆದು ಅರ್ಧ ಮಾಡಿದರು, ಕಾಲು ಮಾಡಿದರು, ಎಂಟು ಪಾಲು ಮಾಡಿದರು. ನನಗೆ ಅನುಮಾನ ಉಳಿಯಬಾರದೆಂದು ಇನ್ನೊಂದು ರೊಟ್ಟಿ. ಅವರಿಗೇ ಅನುಮಾನ ಬಂದು ಮತ್ತೊಂದು. ಪಾಠ ಮುಗಿದಾಗ ಬುಟ್ಟಿಯಲ್ಲಿ ಇಡೀ ರೊಟ್ಟಿ ಒಂದೂ ಇರಲಿಲ್ಲ. ಅತ್ತೆ ಚೂರುಗಳನ್ನು ನೋಡಿ, "ಬರ್ರಿ, ನಿಮ್ಮ ಪಾಠಾನ ಬಡಿಸ್ತೀನಿ" ಎಂದರು.

ಸಾಲಿಯಲ್ಲಿ ಯಾವನಾದರೂ ತಪ್ಪಿದರೆ ಮಾವ, "ನಮ್ಮ ಮನಿ ಹುಡುಗಿ ಹಿಟ್ಟು ನಾದಿಕೋಂತ ತಿಳ್ಕೊಂಡಾಳ, ನಿನಗೇನಾಗೈತಿ?" ಎನ್ನುತ್ತಿದ್ದರಂತೆ. ಒಂದು ದಿನ ಮೂವರು ಹುಡುಗರು ಬಾವಿಯ ಹತ್ತಿರ ನನ್ನನ್ನು ಅಡ್ಡಗಟ್ಟಿದರು.

"ಏ, ನೀ ಯಾಕ ಇಷ್ಟು ಲಗೂನ ತಿಳ್ಕೋತೀ? ತಿಳೀಲಿಲ್ಲ ಅನ್ನು. ನಿನಗ ತಿಳಿಯೂ ತನಕ ಮಾಸ್ತರು ನಮಗ ಹೇಳಂಗಿಲ್ಲ."

"ಹಂಗಂದ್ರ ನನಗೇನು ಕೊಡ್ತೀರಿ?"

"ಬಾರಿಹಣ್ಣು."

ಒಂದು ಟೊಪ್ಪಿಗೆ ತುಂಬ ಬಾರಿಹಣ್ಣಿಗೆ ನಾನು ದಶಾಂಶವನ್ನು ಮಾರಿಬಿಟ್ಟೆ. ಹದಿನೈದು ದಿನ ನನಗೆ ದಶಾಂಶ ತಿಳಿಯಲೇ ಇಲ್ಲ. ಮಾವ ಕಡ್ಡಿ ಮುರಿದರು, ಜೋಳದ ಕಾಳು ಎಣಿಸಿದರು, ಇದ್ದಿಲು ಹಿಡಿದು ಗೋಡೆಯ ತುಂಬ ಚುಕ್ಕಿ ಇಟ್ಟರು. ನಾನು ದವಡೆಯಲ್ಲಿ ಹಣ್ಣಿನ ಬೀಜ ಒತ್ತಿಕೊಂಡು "ಇಲ್ಲ ಮಾವ" ಎನ್ನುತ್ತಿದ್ದೆ.

ಅಷ್ಟರಲ್ಲಿ ಸಾಲಿಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ದಶಾಂಶ ಯಾಕೆ ಶುರುವೇ ಆಗಿಲ್ಲ ಎಂದು ಕೇಳಿದರು. "ನಮ್ಮ ಮನಿ ಹುಡುಗಿಗೆ ಇನ್ನೂ ತಿಳಿದಿಲ್ರಿ ಸಾಹೇಬ್ರ" ಎಂದು ಮಾವ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸಾಹೇಬರು ತಮ್ಮ ಕಿವಿಯನ್ನೇ ನಂಬದೆ ಇನ್ನೊಮ್ಮೆ ಕೇಳಿದರಂತೆ. ಅದೇ ಉತ್ತರ. ಆ ವರ್ಷ ಬರಬೇಕಿದ್ದ ಬಡ್ತಿ ಬರಲಿಲ್ಲ.

ಸುದ್ದಿ ಕೇಳಿ ನಾನು ಅಳುತ್ತ ಎಲ್ಲ ಒಪ್ಪಿಕೊಂಡೆ. ಮಾವ ನನ್ನ ಕಡೆ ತಿರುಗಿ ಕೂತರು.

"ಅಂದ್ರ ನಿನಗ ತಿಳಿದಿತ್ತು?"

"ಹೂಂ. ಮೊದಲನೇ ದಿನಾನ."

ಅವರ ಮುಖ ಹಗುರಾಯಿತು. "ಸಾಕು ಬಿಡವಾ. ನಾ ಹೇಳೂದ್ರಾಗ ಏನೋ ತಪ್ಪೈತಿ ಅಂತ ಇಷ್ಟು ದಿನ ಉಂಡದ್ದು ಮೈಗೆ ಹತ್ತಿರಲಿಲ್ಲ."

ಎರಡೇಟು ಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂದಿನಿಂದ ನನಗೆ ಸುಳ್ಳು ಹೇಳುವ ಸುಖವೂ ತಪ್ಪಿತು. ಪಾಠ ಹೇಳಿಸಿಕೊಂಡೆ, ತೂಕಡಿಸಿದೆ, ಮತ್ತೆ ಹೇಳಿಸಿಕೊಂಡೆ. ಇತಿಹಾಸ ಬಂತು, ಭೂಗೋಳ ಬಂತು. ಮಾವನಿಗೆ ಮಾತ್ರ ಬೇಸರ ಬರಲಿಲ್ಲ.

ನನಗೆ ಹದಿನಾಲ್ಕು ತುಂಬುವ ಹೊತ್ತಿಗೆ ಅಪ್ಪ ಬಂದ. ಗಂಡು ಗೊತ್ತು ಮಾಡಿ ಬಂದಿದ್ದ.

"ಒಂದು ವರ್ಷ ಬಿಡ್ರಿ. ಪರೀಕ್ಷಾಕ್ಕ ಕೂಡಸ್ತೀನಿ" ಎಂದರು ಮಾವ.

"ಪರೀಕ್ಷಾ? ಈಕಿ ಸಾಲಿ ಮಾರಿ ಸೈತ ನೋಡಿಲ್ಲ."

"ಏಳನೇ ಕ್ಲಾಸಿನ ತನಕ ಎಲ್ಲಾ ಬರತೈತಿ."

"ಹೆಣ್ಣುಮಗಳು ಪಾಸಾಗಿ ಏನು ಮಾಡೂದೈತಿ ಮಾಸ್ತರ?" ಎಂದು ಅಪ್ಪ ನನ್ನ ಕಡೆ ತಿರುಗಿದ. "ನೀ ಗಂಟು ಕಟ್ಟು, ನಡಿ." ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಮದುವೆಯಾದರೆ ಪಾಠವಾದರೂ ತಪ್ಪುತ್ತದಲ್ಲ! ಸೀರೆ ಮಡಚಿ ಗಂಟು ಕಟ್ಟತೊಡಗಿದೆ.

ಮಾವ ಯಾರ ಮುಖವನ್ನೂ ನೋಡದೆ ಮಾತಾಡಿದರು.

"ಈಕಿ ಅವ್ವ, ನನ್ನ ತಂಗಿ, ಸಣ್ಣಾಕಿದ್ದಾಗ ನಾ ಸಾಲಿ ಬಿಟ್ಟು ಬರೂದನ್ನ ಬಾಗಿಲದಾಗ ನಿಂತು ಕಾಯ್ತಿದ್ಲು. 'ಇವತ್ತ ಏನು ಹೇಳಿಕೊಟ್ರು, ಅಣ್ಣಾ?' ಅಂತ ಕೇಳ್ತಿದ್ಲು. 'ನಾ ದಣದೀನಿ, ಹೋಗು' ಅಂತಿದ್ದೆ. ದಿನಾ ಕೇಳಿದ್ಲು, ದಿನಾ ಹಂಗ ಅಂದೆ. ಲಗ್ನ ಆಗಿ ನಿಮ್ಮ ಮನಿಗೆ ಬಂದಾಗ ಆಕಿಗೆ ತನ್ನ ಹೆಸರು ಬರಿಯಾಕ ಬರ್ತಿರಲಿಲ್ಲ. ಹೋಗೂ ತನಕ ಬರ್ಲಿಲ್ಲ."

ಗಂಟು ಕಟ್ಟುತ್ತಿದ್ದ ನನ್ನ ಕೈ ನಿಂತಿತು. ಅಪ್ಪ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು, "ಒಂದು ವರ್ಷ ಅಂದ್ರ ಒಂದ ವರ್ಷ, ಮಾಸ್ತರ" ಎಂದು ಊಟಕ್ಕೂ ನಿಲ್ಲದೆ ಹೊರಟುಹೋದ.

ಪರೀಕ್ಷೆ ಪಾಸಾಯಿತು. ಮುಂದೆ ನಾನೂ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರಾದೆ. ಅದೆಲ್ಲ ಆಮೇಲಿನ ಮಾತು. ಅಪ್ಪ ಬಂದುಹೋದ ಮರುದಿನ ಸಂಜೆ, ಮಾವ ಸಾಲಿಯಿಂದ ಬರುವ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತಿದ್ದೆ. ಐದು ವರ್ಷದಲ್ಲಿ ಮೊದಲ ಸಲ ನಾನಾಗಿ ಕೇಳಿದೆ.

"ಇವತ್ತ ಏನು ಹೇಳಿಕೊಟ್ರಿ, ಮಾವ?"

ಮಾವ ಹೊಸ್ತಿಲಲ್ಲೇ ನಿಂತುಬಿಟ್ಟರು. "ತಡಿಯವಾ, ನೀರು ಕುಡಿದು ಬರ್ತೀನಿ" ಎಂದು ಒಳಗೆ ಹೋದರು.

ಒಂದು ತಂಬಿಗೆ ನೀರು ಕುಡಿಯಲು ಅಷ್ಟು ಹೊತ್ತು ಬೇಕೇ? ನೋಡೋಣವೆಂದು ಹೊರಟೆ. ಅತ್ತೆ ನನ್ನ ಕೈಹಿಡಿದು ಹೊರಗೇ ನಿಲ್ಲಿಸಿಕೊಂಡರು.